ಶಾಹನಾಮೆ ಮತ್ತು ಇಂದಿನ ಹುಡುಗ ಹುಡುಗಿಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಹನಾಮೆಯ ಮಹಾವೀರ ರುಸ್ತುಮ್, ಅವನ ಮಗ ಸೊಹ್ರಾಬ್ ಇವರ ಕಥೆಗಳನ್ನು ಕನ್ನಡದಲ್ಲಿ ಹೇಳಲು ಶುರುಮಾಡಿದ ಮೇಲೆ ಬಂದ ಪ್ರಶ್ನೆಗಳಿವು. ಕೆಲವನ್ನು ಕಾಲೇಜು ಹುಡುಗರು ಕಥೆ ಮುಗಿದ ಮೇಲೆ ಕೇಳಿದರು. ಕೆಲವು ಪತ್ರದಲ್ಲಿ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಪರಿಚಯ

ಶಾಹನಾಮೆ ಅಂದ್ರೆ ಏನು? ಮುಸ್ಲಿಮರ ಧರ್ಮಗ್ರಂಥವಾ?

ಅಲ್ಲ. ಶಾಹನಾಮೆ ಅಂದರೆ ರಾಜರ ಪುಸ್ತಕ. ಇರಾನಿನ ಖುರಾಸಾನದ ತೂಸ್ ಎಂಬ ಊರಿನ ಫಿರ್ದೌಸಿ ಬರೆದ ಮಹಾಕಾವ್ಯ ಇದು. ಮೂವತ್ತು ವರ್ಷಕ್ಕೂ ಮೇಲೆ ಕೂತು ಬರೆದು 1010ರಲ್ಲಿ ಮುಗಿಸಿದ. ಸುಮಾರು 50,000 ದ್ವಿಪದಿಗಳಿವೆ.

ಕವಿ ಮುಸ್ಲಿಂ. ಆದರೆ ಕಥೆಯೆಲ್ಲ ಇರಾನಿಗೆ ಇಸ್ಲಾಂ ಬರುವ ಮುಂಚಿನದು. ಲೋಕದ ಮೊದಲ ರಾಜನಿಂದ ಶುರುವಾಗಿ, ಅರಬರ ಕೈಲಿ ಸಾಸಾನಿ ರಾಜ್ಯ ಮುರಿದುಬೀಳುವಲ್ಲಿಗೆ ನಿಲ್ಲುತ್ತದೆ. ಕೊನೆಯ ರಾಜ ಯಜ್ದಗಿರ್ದ್ ಸತ್ತದ್ದು 651ರಲ್ಲಿ. ಹಾಗಾಗಿ ಇದನ್ನು 'ಇಸ್ಲಾಮಿ ಮಹಾಕಾವ್ಯ' ಎಂದು ಕರೆದರೆ ಅರ್ಧ ಮಾತ್ರ ಸರಿ. ಪ್ರವಾದಿಯ ಚಿಕ್ಕಪ್ಪ ಹಮ್ಜಾ, ಅಳಿಯ ಅಲಿ, ಮೊಮ್ಮಗ ಹುಸೇನ್ ಮಡಿದ ಕರ್ಬಲಾ, ಇವುಗಳ ಕಥೆಗಳು ಬೇರೆ ಸಾಲಿನವು. ಅವುಗಳ ಮಾತು ಕೆಳಗೆ ಬರುತ್ತದೆ.

ಇಷ್ಟು ಹಳೇ ಪುಸ್ತಕವನ್ನು ಇರಾನಿನ ಹುಡುಗರು ನಿಜವಾಗ್ಲೂ ಓದ್ತಾರಾ?

ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ಕಡಿಮೆ. ನಮ್ಮಲ್ಲಿ ಕುಮಾರವ್ಯಾಸ ಭಾರತವನ್ನು ಪೂರ್ತಿ ಓದಿದ ಹುಡುಗರು ಎಷ್ಟು ಜನ ಸಿಗುತ್ತಾರೆ? ಹಾಗೆಯೇ. ಆದರೆ ಗೊತ್ತಿಲ್ಲದವರೂ ಇಲ್ಲ. ಶಾಲೆಯ ಪಠ್ಯದಲ್ಲಿ ರುಸ್ತುಮ್–ಅಶ್ಕಬೂಸ್ ಕಾಳಗ, ರಾಜಕುಮಾರ ಸಿಯಾವುಷ್ ಬೆಂಕಿ ದಾಟುವ ಭಾಗ, ಕಮ್ಮಾರ ಕಾವೆಯ ಕಥೆ ಬರುತ್ತವೆ. ತರಗತಿಯಲ್ಲಿ ಯಾರೋ ಒಬ್ಬನ ಹೆಸರು ಸಿಯಾವುಷ್ ಇರುತ್ತದೆ, ಇನ್ನೊಬ್ಬಳ ಹೆಸರು ತಹಮೀನೆ.

ಮನೆಮಾತಿನಲ್ಲೂ ಇದೆ. ಕೆಲಸ ಕೆಟ್ಟ ಮೇಲೆ ನೆರವು ಬಂದರೆ 'ಸೊಹ್ರಾಬ್ ಸತ್ತ ಮೇಲೆ ನೂಷ್‌ದಾರು' ಅನ್ನುತ್ತಾರೆ. ನೂಷ್‌ದಾರು ಅಂದರೆ ಯಾವ ಗಾಯವನ್ನೂ ಮಾಯಿಸುವ ಮದ್ದು. ನಾವು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅನ್ನುತ್ತೇವಲ್ಲ, ಅದೇ ಜಾಗದಲ್ಲಿ ಅವರು ಒಬ್ಬ ಹುಡುಗನ ಸಾವನ್ನು ನೆನೆಯುತ್ತಾರೆ. ಪುಸ್ತಕ ತೆರೆಯದವನ ಬಾಯಲ್ಲೂ ಈ ಮಾತಿದೆ.

ಇರಾನ್ ಮಾತ್ರ ಅಲ್ಲ, ಅಫ್ಘಾನಿಸ್ತಾನ ಮತ್ತು ತಜಿಕಿಸ್ತಾನದವರಿಗೂ ಇದು ಸ್ವಂತ ಕಾವ್ಯ. ಸೊಹ್ರಾಬನ ತಾಯಿ ತಹಮೀನೆಯ ತವರು ಸಮಂಗಾನ್ ಇವತ್ತು ಅಫ್ಘಾನಿಸ್ತಾನದ ಒಂದು ಪ್ರಾಂತ್ಯ.

ಸಾವಿರ ವರ್ಷದ ಹಿಂದಿನ ಭಾಷೆ ಅವರಿಗೆ ಅರ್ಥ ಆಗುತ್ತಾ? ನಮಗೆ ರನ್ನನೇ ಅರ್ಥ ಆಗಲ್ವಲ್ಲ!

ಒಳ್ಳೆ ಹೋಲಿಕೆ. ರನ್ನ ಮತ್ತು ಫಿರ್ದೌಸಿ ಒಂದೇ ಕಾಲದವರು. ಪಂಪ ವಿಕ್ರಮಾರ್ಜುನ ವಿಜಯ ಮುಗಿಸಿದ್ದು 941ರಲ್ಲಿ. ಫಿರ್ದೌಸಿ ಹುಟ್ಟಿದ್ದು ಅದರ ಆಸುಪಾಸಿನಲ್ಲೇ. ಆದರೆ ಗದಾಯುದ್ಧದ ಪದ್ಯ ಕೈಗೆ ಕೊಟ್ಟರೆ ನಮ್ಮ ಪಿಯುಸಿ ಹುಡುಗನಿಗೆ ಟಿಪ್ಪಣಿ, ಮೇಷ್ಟ್ರು ಎರಡೂ ಬೇಕು. ಪರ್ಷಿಯನ್ ಭಾಷೆ ಅಷ್ಟು ಬದಲಾಗಲಿಲ್ಲ. ತೆಹರಾನಿನ ಹುಡುಗಿ ಅಲ್ಲಲ್ಲಿ ಒಂದೊಂದು ಪದಕ್ಕೆ ತಡವರಿಸಿದರೂ ಕಥೆ ಕೈತಪ್ಪುವುದಿಲ್ಲ.

ಒಂದು ತುಣುಕು ನೋಡಿ. ಶತ್ರುಪಡೆಯ ವೀರ ಅಶ್ಕಬೂಸ್ ನಗುತ್ತಾ 'ನಿನ್ನ ಹೆಸರೇನು? ತಲೆ ಇಲ್ಲದ ಮೈಗೆ ಯಾರು ಅಳಬೇಕು?' ಎಂದು ಕೇಳುತ್ತಾನೆ. ರುಸ್ತುಮ್ ಹೇಳುತ್ತಾನೆ:

ಮರಾ ಮಾದರಮ್ ನಾಮ್ ಮರ್ಗೇ ತೊ ಕರ್ದ್
ಜಮಾನೆ ಮರಾ ಪುತ್ಕೆ ತರ್ಗೇ ತೊ ಕರ್ದ್

'ನಮ್ಮವ್ವ ನನಗಿಟ್ಟ ಹೆಸರು ನಿನ್ನ ಸಾವು. ಕಾಲ ನನ್ನನ್ನು ನಿನ್ನ ಶಿರಸ್ತ್ರಾಣಕ್ಕೆ ಸುತ್ತಿಗೆ ಮಾಡಿತು.' ಮಾದರ್ ಅಂದರೆ ಮಾತೆ, ನಾಮ್ ಅಂದರೆ ನಾಮ. ನಮಗೂ ಅರ್ಧ ಅರ್ಥವಾಯಿತಲ್ವಾ? ಸಿನಿಮಾದ ಪಂಚ್ ಡೈಲಾಗ್ ಹಾಗಿದೆ. ಇರಾನಿ ಹುಡುಗರಿಗೆ ಇದು ಬಾಯಿಪಾಠವಾಗಲು ಪರೀಕ್ಷೆಯ ಭಯ ಬೇಕಿಲ್ಲ.

ಇನ್ನೊಂದು ಗುಟ್ಟು ಛಂದಸ್ಸಿನದು. ಶಾಲೆಯಲ್ಲಿ ಕಲಿತ 'ಯಮಾತಾರಾಜಭಾನಸಲಗಂ' ನೆನಪಿದ್ದರೆ ಮೊದಲ ಸಾಲಿಗೆ ಪ್ರಸ್ತಾರ ಹಾಕಿ. 'ನಾಮ್' ಪದದ ಕೊನೆಯ ಮ್ ಒಂದು ಲಘುವಾಗಿ ನಿಲ್ಲುತ್ತದೆ. ಮೂರು ಯಗಣ, ಕಡೆಗೆ ಲಗಂ. ನಮ್ಮ ಭುಜಂಗಪ್ರಯಾತದ ಬಾಲದಲ್ಲಿ ಒಂದು ಗುರು ಉದುರಿದ ಹಾಗೆ. ಇಡೀ ಶಾಹನಾಮೆ ಇದೇ ನಡೆಯಲ್ಲಿ ಓಡುತ್ತದೆ. ಕುದುರೆ ಓಟದ ಸದ್ದು ಕೇಳಿದಂತಾಗುವುದು ಅದಕ್ಕೇ.

## ಕಥೆಗಳ ಬಗ್ಗೆ

ಹುಡುಗರ ಮನಸ್ಸಿಗೆ ಜಾಸ್ತಿ ನಾಟೋ ಕಥೆ ಯಾವುದು?

ಸೊಹ್ರಾಬ್‌ನದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಕಥೆ ಹೇಳುವಾಗ ಮೊಬೈಲ್ ಕೆಳಗಿಡುವ ಜಾಗ ಇದು.

ರುಸ್ತುಮ್ ಕುದುರೆ ಹುಡುಕುತ್ತಾ ಸಮಂಗಾನಿಗೆ ಬರುತ್ತಾನೆ. ಅಲ್ಲಿಯ ರಾಜಕುಮಾರಿ ತಹಮೀನೆಯನ್ನು ಒಲಿದು, ತೋಳಿಗೆ ಕಟ್ಟುವ ಒಂದು ಮಣಿ ಕೊಟ್ಟು ಹೊರಟುಹೋಗುತ್ತಾನೆ. ಮಗ ಸೊಹ್ರಾಬ್ ಬೆಳೆದು, ಅಪ್ಪನನ್ನು ಹುಡುಕಲೆಂದೇ ದಂಡಿನ ಜೊತೆ ಇರಾನಿಗೆ ಬರುತ್ತಾನೆ. ಸೆರೆಸಿಕ್ಕ ಹಜೀರ್ ಎಂಬವನನ್ನು ಎತ್ತರದ ಜಾಗಕ್ಕೆ ಕರೆದೊಯ್ದು ಒಂದೊಂದೇ ಡೇರೆ ತೋರಿಸಿ ಕೇಳುತ್ತಾನೆ. ಆನೆಯ ಬಾವುಟ ಯಾರದು? ಸಿಂಹದ ಬಾವುಟ ಯಾರದು? ಆ ಹಸಿರು ಡೇರೆ, ಹಾವಿನಂಥ ಘಟಸರ್ಪದ ಬಾವುಟ, ಅದು ಯಾರದು? ಅದೇ ರುಸ್ತುಮನದು. ಹಜೀರ್ 'ಚೀನಾದಿಂದ ಬಂದ ಯಾವನೋ ವೀರ' ಎಂದು ಸುಳ್ಳು ಹೇಳುತ್ತಾನೆ. ಮಗನಿಗೆ ಅಪ್ಪನ ಡೇರೆ ಕಣ್ಣೆದುರೇ ಇದೆ.

ಆಮೇಲೆ ಅಪ್ಪನನ್ನೇ ಕೇಳುತ್ತಾನೆ, 'ನೀನು ರುಸ್ತುಮ್ ಅಲ್ವಾ?' ಅಪ್ಪ ಅಲ್ಲ ಅನ್ನುತ್ತಾನೆ. ಕುಸ್ತಿಯಲ್ಲಿ ಮೊದಲು ಕೆಡವಿದವನು ಮಗ. 'ನಮ್ಮಲ್ಲಿ ಮೊದಲ ಸಲ ಬಿದ್ದವನನ್ನು ಕೊಲ್ಲೋದಿಲ್ಲ' ಎಂದು ಅಪ್ಪ ಸುಳ್ಳು ಹೇಳಿ ಪಾರಾಗುತ್ತಾನೆ. ಎರಡನೇ ಸಲ ಮಗ ಬಿದ್ದಾಗ ಅಪ್ಪ ತಡಮಾಡುವುದಿಲ್ಲ, ಕಠಾರಿ ಹಾಕುತ್ತಾನೆ. ಸಾಯುತ್ತಾ ಸೊಹ್ರಾಬ್ ಹೇಳುತ್ತಾನೆ: 'ನೀನು ಮೀನಾಗಿ ನೀರು ಸೇರಿದರೂ, ನಕ್ಷತ್ರವಾಗಿ ಆಕಾಶ ಸೇರಿದರೂ ನಮ್ಮಪ್ಪ ರುಸ್ತುಮ್ ನಿನ್ನನ್ನು ಬಿಡೋದಿಲ್ಲ.'

ಒಮ್ಮೆ ಇಲ್ಲಿ ನಿಲ್ಲಿಸಿದಾಗ ಹಿಂದಿನ ಬೆಂಚಿನ ಹುಡುಗ ಒಬ್ಬ 'ಅವನು ಹೆಸರು ಹೇಳಿದ್ರೆ ಏನಾಗ್ತಿತ್ತು ಸಾರ್?' ಎಂದು ಸಿಟ್ಟಿನಿಂದ ಕೇಳಿದ. ನಮ್ಮ ಬಭ್ರುವಾಹನ–ಅರ್ಜುನರ ಕಾಳಗ ಎಲ್ಲರಿಗೂ ನೆನಪಾಗುತ್ತದೆ. ಅಲ್ಲಿ ಸತ್ತವನು ಅಪ್ಪ, ಮತ್ತೆ ಬದುಕಿಸಲು ನಾಗಲೋಕದ ಮಣಿ ಬರುತ್ತದೆ. ಇಲ್ಲಿ ಮದ್ದು ಇರಾನಿನ ರಾಜನ ಹತ್ತಿರ ಇದೆ, ರಾಜ ಕೊಡುವುದಿಲ್ಲ. ಅಪ್ಪ ಮಗ ಇಬ್ಬರೂ ಸೇರಿದರೆ ತನ್ನ ಗತಿಯೇನು ಎಂಬ ಹೆದರಿಕೆ ಅವನಿಗೆ.

ಎಲ್ಲಾ ಕಥೆಯಲ್ಲೂ ಮಗನೇ ಯಾಕೆ ಸಾಯ್ತಾನೆ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನವರು. ಐವತ್ತು ದಾಟಿದವರು ಕೇಳಿದ್ದು ನನಗೆ ನೆನಪಿಲ್ಲ.

ಗಮನಿಸಿದ್ದು ಸರಿ. ಗುಷ್ತಾಸ್ಪ್ ರಾಜನಿಗೆ ಮಗ ಇಸ್ಫಂದಿಯಾರ್ ರುಸ್ತುಮನ ಕೈಲಿ ಸಾಯುತ್ತಾನೆಂದು ಜ್ಯೋತಿಷಿ ಮೊದಲೇ ಹೇಳಿರುತ್ತಾನೆ. ಸಿಂಹಾಸನ ಬಿಡಲು ಮನಸ್ಸಿಲ್ಲದ ಅಪ್ಪ, 'ರುಸ್ತುಮನ ಕೈಕಟ್ಟಿ ತಾ' ಎಂದು ಮಗನನ್ನು ಅಲ್ಲಿಗೇ ಕಳಿಸುತ್ತಾನೆ. ಸಿಯಾವುಷ್‌ನ ಮೇಲೆ ಮಲತಾಯಿ ಸೂದಾಬೆ ಕಣ್ಣು ಹಾಕಿ, ಒಪ್ಪದಾಗ ಸುಳ್ಳು ಆಪಾದನೆ ಹೊರಿಸುತ್ತಾಳೆ. ಅವನು ಬಿಳಿ ಬಟ್ಟೆ ತೊಟ್ಟು ಕಪ್ಪು ಕುದುರೆ ಏರಿ ಬೆಂಕಿಯ ನಡುವೆ ಹಾದುಬರುತ್ತಾನೆ. ಆದರೂ ಅಪ್ಪನ ರಾಜ್ಯದಲ್ಲಿ ನೆಲೆ ಸಿಗುವುದಿಲ್ಲ, ಪರದೇಶದಲ್ಲಿ ಕತ್ತು ಕೊಯ್ಯಿಸಿಕೊಳ್ಳುತ್ತಾನೆ. ಕುಮಾರರಾಮ ಮತ್ತು ರತ್ನಾಜಿಯ ಕಥೆ ಕೇಳಿ ಬೆಳೆದ ಕೊಪ್ಪಳ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಹಿರಿಯರು ಈ ಕಥೆಗಳನ್ನು ರುಸ್ತುಮನ ಕಡೆಯಿಂದ ಓದುತ್ತಾ ಬಂದರು: ವಿಧಿ, ವೀರ, ದುರಂತ. ಇಂದಿನ ಹುಡುಗರು ಸೊಹ್ರಾಬನ ಕಡೆ ನಿಂತು ಓದುತ್ತಾರೆ. ಯಾರೋ ಹಿರಿಯರು ತಮ್ಮ ಸಿಂಹಾಸನಕ್ಕೆ, ತಮ್ಮ ಹೆಸರಿಗೆ ಅಂಟಿಕೊಂಡಿದ್ದಕ್ಕೆ ಕಿರಿಯರು ಬೆಲೆ ತೆತ್ತರು ಎಂದು ಅವರಿಗೆ ಕಾಣುತ್ತದೆ. ಹಾಗೆ ಓದಿದರೆ ಕಾವ್ಯಕ್ಕೆ ಮೋಸವಾಗುವುದಿಲ್ಲ. ಫಿರ್ದೌಸಿಗೇ 37 ವರ್ಷದ ಮಗ ಸತ್ತಿದ್ದ. 'ಹೋಗುವ ಸರದಿ ನನ್ನದಿತ್ತು, ಹೋದವನು ಆ ಹುಡುಗ' ಎಂದು ಕಾವ್ಯದ ನಡುವೆ ನಿಂತು ಅಳುತ್ತಾನೆ.

ಬೇರೆ ತರದ ಅಪ್ಪನೂ ಒಬ್ಬ ಇದ್ದಾನೆ. ಬಿಳಿ ಕೂದಲಿನ ಮಗು ಹುಟ್ಟಿತೆಂದು ನಾಚಿ ಸಾಮ್ ಅದನ್ನು ಬೆಟ್ಟದಲ್ಲಿ ಬಿಟ್ಟುಬರುತ್ತಾನೆ. ಸೀಮುರ್ಗ್ ಎಂಬ ದೊಡ್ಡ ಹಕ್ಕಿ ಅದನ್ನು ಸಾಕುತ್ತದೆ. ಆ ಮಗುವೇ ರುಸ್ತುಮನ ಅಪ್ಪ ಜಾಲ್. ವರ್ಷಗಳ ಮೇಲೆ ಸಾಮ್ ಬೆಟ್ಟದ ಬುಡಕ್ಕೆ ಬಂದು ಕ್ಷಮೆ ಕೇಳುತ್ತಾನೆ. ಎಲ್ಲರ ಹಾಗಿಲ್ಲದ ಕಾರಣಕ್ಕೆ ಮನೆಯಲ್ಲೇ ಮಾತು ಕೇಳಿದ ಹುಡುಗರು ಈ ಕಥೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.

ಇದು ಬರೀ ಗಂಡಸರ ಕಥೆ ಅಲ್ವಾ? ಹುಡುಗಿಯರಿಗೆ ಇದರಲ್ಲಿ ಏನಿದೆ?

ಯುದ್ಧ ಜಾಸ್ತಿ, ಗಂಡಸರು ಜಾಸ್ತಿ, ನಿಜ. ಆದರೆ ಗೋರ್ದಾಫರೀದ್ ಇದ್ದಾಳೆ. ಕೋಟೆಯ ಗಂಡಸರು ಸೋತಾಗ ಕೂದಲನ್ನು ಶಿರಸ್ತ್ರಾಣದೊಳಗೆ ಮುಚ್ಚಿ ಕುದುರೆ ಏರಿ ಸೊಹ್ರಾಬನ ಎದುರು ಬರುತ್ತಾಳೆ. ಶಿರಸ್ತ್ರಾಣ ಬಿದ್ದು ಕೂದಲು ಹರಡಿದಾಗ ಅವನು ಬೆರಗಾಗುತ್ತಾನೆ. ಅವಳು ಸಿಹಿಮಾತಾಡಿ ಕೋಟೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಸಾರ್ವಜನಿಕವಾಗಿ ಶಾಹನಾಮೆ ಹೇಳಿದ ಮೊದಲ ಕಥೆಗಾರ್ತಿಯರಲ್ಲಿ ಒಬ್ಬರಾದ ಫಾತಿಮೆ ಹಬೀಬಿಜಾದ್ ತಮ್ಮ ಕಲಾವಿದೆಯ ಹೆಸರಾಗಿ ಆರಿಸಿಕೊಂಡದ್ದು ಇವಳನ್ನೇ. ಅವರ ನಂತರ ಎಷ್ಟೋ ಹುಡುಗಿಯರು ಕೈಯಲ್ಲಿ ಕೋಲು ಹಿಡಿದು ಕಥೆ ಹೇಳಲು ನಿಂತರು.

ಫರಂಗೀಸ್ ಇನ್ನೂ ಹತ್ತಿರ. ಗಂಡ ಸಿಯಾವುಷ್‌ನನ್ನು ಕೊಂದಾಗ ಅವಳು ಜಡೆ ಕತ್ತರಿಸಿ ಅದನ್ನೇ ಸೊಂಟಕ್ಕೆ ಬಿಗಿದುಕೊಳ್ಳುತ್ತಾಳೆ. 2022ರ ಸೆಪ್ಟೆಂಬರಿನಲ್ಲಿ, ಹಿಜಾಬ್ ಸರಿಯಿಲ್ಲವೆಂದು ಪೊಲೀಸರು ಹಿಡಿದೊಯ್ದ ಮಹ್ಸಾ ಅಮಿನಿ ಸತ್ತ ನಂತರ ಇರಾನಿನ ಹೆಣ್ಣುಮಕ್ಕಳು ಬೀದಿಯಲ್ಲಿ, ಸಮಾಧಿಗಳ ಮುಂದೆ ಕೂದಲು ಕತ್ತರಿಸಿದರು. ಹೊರಗಿನವರಿಗೆ ಅದು ಹೊಸ ಪ್ರತಿಭಟನೆಯಾಗಿ ಕಂಡಿತು. ಶಾಹನಾಮೆ ಗೊತ್ತಿದ್ದವರಿಗೆ ಫರಂಗೀಸ್ ನೆನಪಾದಳು, ಆ ಸಾಲು ಕೈಯಿಂದ ಕೈಗೆ ಓಡಾಡಿತು.

ಜಹಾಕ್ ಯಾರು? ಪ್ರತಿಭಟನೆ ಅಂದ ತಕ್ಷಣ ಅವನ ಹೆಸರು ಯಾಕೆ ಬರುತ್ತೆ?

ಜಹಾಕ್ ಹೆಗಲ ಮೇಲೆ ಎರಡು ಹಾವು ಬೆಳೆದ ರಾಜ. ಹಾವುಗಳಿಗೆ ದಿನಾ ಇಬ್ಬರು ಹರೆಯದವರ ಮಿದುಳು ಬೇಕು. ಸೈತಾನ ಮುತ್ತಿಟ್ಟ ಜಾಗದಲ್ಲಿ ಹುಟ್ಟಿದ ಹಾವುಗಳವು, ಕತ್ತರಿಸಿದರೆ ಮತ್ತೆ ಬೆಳೆಯುತ್ತವೆ. ಹರೆಯದವರ ತಲೆಯನ್ನೇ ತಿನ್ನುವ ಆಡಳಿತ ಎಂಬ ಚಿತ್ರ ಸಿಕ್ಕ ಮೇಲೆ ಹುಡುಗರಿಗೆ ಬೇರೆ ಘೋಷಣೆ ಯಾಕೆ ಬೇಕು?

ನನಗೆ ಇದರಲ್ಲಿ ಅತಿ ಹತ್ತಿರವಾದದ್ದು ಹಾವಲ್ಲ, ಒಂದು ಕಾಗದ. 'ರಾಜ ಒಳ್ಳೆಯದನ್ನಲ್ಲದೆ ಬೇರೇನೂ ಮಾಡಿಲ್ಲ' ಎಂದು ಬರೆಸಿ ಜಹಾಕ್ ದೊಡ್ಡವರ ಸಹಿ ಹಾಕಿಸುತ್ತಾನೆ. ಎಲ್ಲರೂ ಹಾಕುತ್ತಾರೆ. ಆಗ ಕಮ್ಮಾರ ಕಾವೆ ಮಗನನ್ನು ಬಿಡಿಸಿಕೊಳ್ಳಲು ದರ್ಬಾರಿಗೆ ಬರುತ್ತಾನೆ. ಮಗನನ್ನು ಬಿಟ್ಟು, 'ಈಗ ನೀನೂ ಸಹಿ ಹಾಕು' ಅನ್ನುತ್ತಾರೆ. ಕಾವೆ ಓದಿ, ಕಾಗದ ಹರಿದು, ಕಾಲಡಿ ತುಳಿಯುತ್ತಾನೆ. ಹೊರಗೆ ಬಂದು ಸೊಂಟದ ಚರ್ಮದ ಬಟ್ಟೆಯನ್ನು ಬಿಚ್ಚಿ ಈಟಿಯ ತುದಿಗೆ ಕಟ್ಟುತ್ತಾನೆ. ಅದೇ ಬಾವುಟ.

ಕುರ್ದ್ ಹುಡುಗರಿಗೆ ಇದು ಹಬ್ಬದ ಕಥೆ. ಜಹಾಕನ ಅಡುಗೆಯವರಿಬ್ಬರು ಕುರಿಯ ಮಿದುಳು ಬೆರೆಸಿ ದಿನಕ್ಕೊಬ್ಬನನ್ನು ಉಳಿಸುತ್ತಾರೆ, ಉಳಿದವರಿಂದಲೇ ಕುರ್ದರು ಹುಟ್ಟಿದರು ಎನ್ನುತ್ತದೆ ಕಾವ್ಯ. ವಸಂತದ ಹೊಸ ವರ್ಷದ ಹಬ್ಬ ನವ್‌ರೋಜ್‌ನ ಹೊತ್ತಿಗೆ ಇರಾಕಿನ ಅಕ್ರೆ ಊರಿನ ಬೆಟ್ಟವನ್ನು ಹುಡುಗ ಹುಡುಗಿಯರು ಪಂಜು ಹಿಡಿದು ಸಾಲಾಗಿ ಏರುತ್ತಾರೆ.

## ಕೇಳುವುದು, ನೋಡುವುದು, ಆಡುವುದು

ಪುಸ್ತಕ ಬಿಟ್ಟು ಬೇರೆ ಹೇಗೆ ಈ ಕಥೆ ಹುಡುಗರನ್ನು ಮುಟ್ಟುತ್ತೆ?

ಹಳೆಯ ದಾರಿ ನಕ್ಕಾಲಿ. ಚಹಾ ಅಂಗಡಿಯಲ್ಲಿ ಚಿತ್ರದ ಪರದೆ ತೂಗಿಸಿ, ಕೋಲು ಬೀಸುತ್ತಾ ಒಬ್ಬನೇ ನಿಂತು ಎಲ್ಲ ಪಾತ್ರ ಮಾಡುವ ಕಲೆ. ಸೊಹ್ರಾಬ್ ಸಾಯುವ ದಿನ 'ಇವತ್ತು ಅವನನ್ನು ಕೊಲ್ಲಬೇಡ' ಎಂದು ಜನ ಕಥೆಗಾರನಿಗೆ ದುಡ್ಡು ಕೊಡುತ್ತಿದ್ದರಂತೆ. ಚಹಾ ಅಂಗಡಿಗಳ ಕಾಲ ಕಳೆಯಿತು. 2011ರಲ್ಲಿ ಯುನೆಸ್ಕೊ ಇದನ್ನು ತುರ್ತಾಗಿ ಉಳಿಸಬೇಕಾದ ಕಲೆಗಳ ಪಟ್ಟಿಗೆ ಸೇರಿಸಿತು.

ಇನ್ನೊಂದು ದಾರಿ ಜೂರ್‌ಖಾನೆ, ಅಂದರೆ ಅವರ ಗರಡಿಮನೆ. ನಮ್ಮ ಮಟ್ಟಿಯಂತೆ ಅಲ್ಲೂ ತಗ್ಗಿನ ಕಣವಿದೆ. ಮೇಲೆ ಕೂತ ಮುರ್ಷಿದ್ ಡೋಲು ಬಾರಿಸುತ್ತಾ ಶಾಹನಾಮೆ ಹಾಡುತ್ತಾನೆ, ಕೆಳಗೆ ಹುಡುಗರು ಆ ಲಯಕ್ಕೆ ಭಾರದ ಗದೆ ತಿರುಗಿಸುತ್ತಾರೆ. ಅವರನ್ನು ಪಹಲವಾನ್ ಅನ್ನುತ್ತಾರೆ. ನಮ್ಮ ಪೈಲ್ವಾನ ಬಂದದ್ದು ಅಲ್ಲಿಂದಲೇ.

ಹೊಸ ದಾರಿಗಳು ಫೋನಿನಲ್ಲಿವೆ. ಗಂಜೂರ್ ಎಂಬ ತಾಣದಲ್ಲಿ ಕಾವ್ಯ ಪೂರ್ತಿ ಉಚಿತ, ಓದಿದ ಧ್ವನಿಯೂ ಸಿಗುತ್ತದೆ. 2024ರಲ್ಲಿ ಬಂದ ಪ್ರಿನ್ಸ್ ಆಫ್ ಪರ್ಷಿಯಾ ಆಟದಲ್ಲಿ ಸೀಮುರ್ಗ್ ಇದೆ. ಪಾತ್ರಗಳ ಮಾತನ್ನು ಪರ್ಷಿಯನ್‌ನಲ್ಲೇ ಕೇಳಬಹುದು. ಆಟದಿಂದ ಶುರುಮಾಡಿ ಕಾವ್ಯಕ್ಕೆ ಬಂದವರನ್ನು ಕೀಳಾಗಿ ನೋಡಬೇಡಿ. ಬಯಲಾಟ ನೋಡಿ ಭಾರತಕ್ಕೆ ಬಂದವರು ನಮ್ಮಲ್ಲೂ ಬೇಕಾದಷ್ಟು ಜನ.

ಹಮ್ಜಾ, ಅಲಿ, ಕರ್ಬಲಾ ಕಥೆಗಳ ಗತಿ ಏನು? ಅವನ್ನೂ ಹುಡುಗರು ಕೇಳ್ತಾರಾ?

ಕೇಳುತ್ತಾರೆ, ಅದೂ ನಮ್ಮ ನೆಲದಲ್ಲೇ. ಅಮೀರ್ ಹಮ್ಜಾನ ದಾಸ್ತಾನ್, ಅಂದರೆ ಉದ್ದದ ಸಾಹಸಕಥೆ, ಭಾರತದಲ್ಲಿ ಬೆಳೆದಷ್ಟು ಎಲ್ಲೂ ಬೆಳೆಯಲಿಲ್ಲ. ಅಕ್ಬರ್ ಅದಕ್ಕೆ ಸುಮಾರು 1,400 ಚಿತ್ರ ಬರೆಸಿದ. ಲಖನೌದ ನವಲ್ ಕಿಶೋರ್ ಮುದ್ರಣಾಲಯ ಉರ್ದುವಿನಲ್ಲಿ 46 ಸಂಪುಟ ಅಚ್ಚು ಹಾಕಿತು. ಕೊನೆಯ ದೊಡ್ಡ ಕಥೆಗಾರ ಮೀರ್ ಬಾಖರ್ ಅಲಿ 1928ರಲ್ಲಿ ತೀರಿಕೊಂಡ ಮೇಲೆ ಕಲೆ ನಿಂತೇಹೋಯಿತು. 2005ರಲ್ಲಿ ಶಮ್ಸುರ್ ರಹಮಾನ್ ಫಾರೂಕಿ ಮತ್ತು ಮಹಮೂದ್ ಫಾರೂಕಿ ದಿಲ್ಲಿಯಲ್ಲಿ ಅದನ್ನು ಮತ್ತೆ ಎಬ್ಬಿಸಿದರು. ಬಿಳಿ ಬಟ್ಟೆ ತೊಟ್ಟು ಇಬ್ಬರು ಕೂತು ಹೇಳುವ ದಾಸ್ತಾನ್‌ಗೋಯಿಯನ್ನು ಈಗ ಕಲಿಯುತ್ತಿರುವವರಲ್ಲಿ ಹರೆಯದವರೇ ಜಾಸ್ತಿ.

ಅಲಿಯ ಸಾಹಸಗಳ ದೊಡ್ಡ ಕಾವ್ಯವೊಂದು ಹುಟ್ಟಿದ್ದು ವಿಜಯಪುರದಲ್ಲಿ ಎಂದರೆ ನಮ್ಮ ಹುಡುಗರು ಹುಬ್ಬೇರಿಸುತ್ತಾರೆ. ಆದಿಲ್‌ಶಾಹಿ ರಾಣಿ ಖದೀಜಾ ಸುಲ್ತಾನಾಳ ಮಾತಿಗೆ ಕಮಾಲ್ ಖಾನ್ ರುಸ್ತುಮಿ ಎಂಬ ಕವಿ 1649ರಲ್ಲಿ ಪರ್ಷಿಯನ್ ಕಾವ್ಯವನ್ನು ದಖನಿಗೆ ತಂದ. ಹೆಸರು ಖಾವರ್‌ನಾಮಾ. ಕವಿ ಇಟ್ಟುಕೊಂಡ ಹೆಸರು ನೋಡಿ: ರುಸ್ತುಮಿ.

ಇನ್ನು ಕರ್ಬಲಾ. ಉತ್ತರ ಕರ್ನಾಟಕದ ಊರುಗಳಲ್ಲಿ ಮೊಹರಂ ಹೊತ್ತಿಗೆ ಹುಡುಗರು ಕಾಲಿಗೆ ಗೆಜ್ಜೆ ಕಟ್ಟಿ ಹೆಜ್ಜೆ ಹಾಕುತ್ತಾ ರಿವಾಯತ್ ಪದ ಹಾಡುತ್ತಾರೆ. ಹಸನ್, ಹುಸೇನರ ಕಥೆ ಅಚ್ಚ ಕನ್ನಡದಲ್ಲಿ. ಹಾಡುವವರಲ್ಲಿ ಹಿಂದೂ ಹುಡುಗರೂ ಇರುತ್ತಾರೆ, ಮುಸ್ಲಿಂ ಹುಡುಗರೂ ಇರುತ್ತಾರೆ. ಮುದಗಲ್ಲಿನ ಮೊಹರಂ ನೋಡಲು ಬೇರೆ ಜಿಲ್ಲೆಗಳಿಂದ ಜನ ಬರುತ್ತಾರೆ. ಇಸ್ಲಾಮಿ ವೀರಕಥೆಗೆ ಹುಡುಗರು ಹೇಗೆ ಸ್ಪಂದಿಸುತ್ತಾರೆ ಎಂದು ಕೇಳುವವರು ಒಂದು ಕತ್ತಲ ರಾತ್ರಿ ಅಲ್ಲಿ ನಿಲ್ಲಬೇಕು. ಇಸ್ಲಾಂ ಬಂದ ಮೇಲೂ ಬುಖಾರಾದ ಜನ ಸಿಯಾವುಷ್‌ನಿಗಾಗಿ ಶೋಕಗೀತೆ ಹಾಡುತ್ತಿದ್ದರೆಂದು ಹತ್ತನೇ ಶತಮಾನದ ಇತಿಹಾಸಕಾರ ನರ್ಷಖಿ ಬರೆದಿದ್ದಾನೆ. ತಪ್ಪಿಲ್ಲದ ಹುಡುಗನ ಸಾವಿಗೆ ಊರೇ ಅಳುವುದು ಎರಡೂ ಕಡೆ ಒಂದೇ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಇದನ್ನು ಓದಿದ್ರೆ ಅರಬರ ಮೇಲೆ, ತುರ್ಕರ ಮೇಲೆ ದ್ವೇಷ ಬರಲ್ವಾ?

ಬರಿಸಿಕೊಳ್ಳುವವರು ಇದ್ದಾರೆ. ಮುಖ್ಯವಾಗಿ ಪರದೇಶದಲ್ಲಿರುವ ಕೆಲವು ಇರಾನಿ ಯುವಕರು ಶಾಹನಾಮೆಯನ್ನು ರಕ್ತದ ಹೆಮ್ಮೆಗೆ ಬಳಸುತ್ತಾರೆ. ಜಹಾಕ್ ಅರಬ, ಇರಾನಿನ ಶತ್ರುರಾಜ ಅಫ್ರಾಸಿಯಾಬ್ ತುರ್ಕ, ನಾವೇ ಶ್ರೇಷ್ಠ ಅನ್ನುವ ಸರಳ ಲೆಕ್ಕ ಅದು. ಇರಾನಿನಲ್ಲೇ ತುರ್ಕಿ ಮಾತಾಡುವ ಅಜೆರಿ ಹುಡುಗರಿಗೆ ಇದು ನೋಯುತ್ತದೆ, ನೋಯಬೇಕಾದ್ದೇ.

ಆದರೆ ಕಾವ್ಯ ಆ ಲೆಕ್ಕಕ್ಕೆ ಸಿಗುವುದಿಲ್ಲ. ರುಸ್ತುಮನ ತಾಯಿ ರುದಾಬೆ ಜಹಾಕನ ವಂಶದವಳು. ಫರಂಗೀಸ್ ಅಫ್ರಾಸಿಯಾಬನ ಮಗಳು. ಇರಾನಿನ ಅತಿ ಒಳ್ಳೆಯ ರಾಜ ಕೈಖುಸ್ರೊ ಅವಳ ಮಗ, ಅಂದರೆ ಶತ್ರುವಿನ ಮೊಮ್ಮಗ. ಒಂದು ಪುಟ ಕತ್ತರಿಸಿ ಅಂಟಿಸಿದರೆ ದ್ವೇಷ ಸಿಗುತ್ತದೆ. ಪೂರ್ತಿ ಕಥೆ ಓದಿದರೆ ಎಲ್ಲರೂ ನೆಂಟರು.

ಇನ್‌ಸ್ಟಾಗ್ರಾಂನಲ್ಲಿ ಓಡಾಡೋ ಫಿರ್ದೌಸಿ ಸಾಲುಗಳೆಲ್ಲ ನಿಜವಾ?

ಎಲ್ಲ ಅಲ್ಲ. 'ಇರಾನ್ ಇಲ್ಲದಿದ್ದರೆ ನನ್ನ ದೇಹವೂ ಬೇಡ' ಎಂಬ ಸಾಲನ್ನು ಹಚ್ಚೆ ಹಾಕಿಸಿಕೊಂಡವರೂ ಇದ್ದಾರೆ. ಆ ರೂಪದಲ್ಲಿ ಅದು ನಂಬಬಹುದಾದ ಪ್ರತಿಗಳಲ್ಲಿಲ್ಲ. 'ಹೆಣ್ಣು, ಘಟಸರ್ಪ ಎರಡೂ ಮಣ್ಣಲ್ಲಿದ್ದರೇ ಚೆಂದ' ಎಂಬ ಕೆಟ್ಟ ಸಾಲೂ ಯಾರೋ ಸೇರಿಸಿದ್ದು ಎಂದು ವಿದ್ವಾಂಸರು ಬದಿಗಿಟ್ಟಿದ್ದಾರೆ. ಹಸ್ತಪ್ರತಿಗಳನ್ನು ಹೋಲಿಸಿ ಜಲಾಲ್ ಖಾಲೆಘಿ ಮುತ್ಲಗ್ ಸಿದ್ಧಪಡಿಸಿದ ಆವೃತ್ತಿಯನ್ನು ನೋಡಿ ತಾಳೆ ಹಾಕುವ ಹುಡುಗರು ಈಗ ಇದ್ದಾರೆ. ಕಾಮೆಂಟುಗಳಲ್ಲಿ 'ಇದು ಫಿರ್ದೌಸಿ ಅಲ್ಲ' ಎಂದು ತಿದ್ದುತ್ತಾರೆ. ಅವರನ್ನು ಕಂಡರೆ ನನಗೆ ತುಂಬಾ ಪ್ರೀತಿ.

ಪರ್ಷಿಯನ್ ಬರಲ್ಲ. ನಾನು ಎಲ್ಲಿಂದ ಶುರು ಮಾಡ್ಲಿ?

ಮೊದಲ ಪುಟದಿಂದ ಬೇಡ. ಜಾಲ್ ಹುಟ್ಟುವ ಭಾಗ ಓದಿ, ಆಮೇಲೆ ಸೊಹ್ರಾಬ್, ಆಮೇಲೆ ಸಿಯಾವುಷ್. ಇಂಗ್ಲಿಷ್ ಓದುವವರಿಗೆ ಡಿಕ್ ಡೇವಿಸ್ ಅವರ ಅನುವಾದ ಸಲೀಸು. ಜೊತೆಗೆ ಗಂಜೂರ್‌ನಲ್ಲಿ ಅದೇ ಭಾಗವನ್ನು ಸುಮ್ನೆ ಹಾಕಿ ಕೇಳಿ. ಅರ್ಥವಾಗಬೇಕೆಂದಿಲ್ಲ, ನಡೆ ಕಿವಿಗೆ ಬೀಳಲಿ.

ಮೈಸೂರಿಗೋ ಬೆಂಗಳೂರಿಗೋ ಓದಲು ಬಂದ ಇರಾನಿ ವಿದ್ಯಾರ್ಥಿ ಪರಿಚಯವಾದರೆ ಡೇರೆಗಳ ಭಾಗವನ್ನು ಗಟ್ಟಿಯಾಗಿ ಓದಿಸಿ. ನಾನು ಹಾಗೆ ಓದಿಸಿದ ಹುಡುಗಿ 'ಶಾಲೆಯಲ್ಲಿ ಕಲಿತದ್ದು, ಮರೆತಿದೆ' ಅನ್ನುತ್ತಲೇ ಶುರುಮಾಡಿದಳು. ಹಸಿರು ಡೇರೆಯ ಹತ್ತಿರ ಬರುವಾಗ ಅವಳ ಕಣ್ಣು ಪುಸ್ತಕದ ಮೇಲಿರಲಿಲ್ಲ.